ಆಟದಂಗಳಕ್ಕೆ ಮಕ್ಕಳ ಮಾತು, ಹಿರಿಯರ ಕಾಯಕ

ಬಸವಾದಿ ಶರಣರು ಕಾಯವನ್ನು ಹಳಿಯಲಿಲ್ಲ. ಅದನ್ನೇ ದೇಗುಲವೆಂದು ಕಂಡರು. ಹಿರಿಯರ ಕಾಯದ ಪಾಲನೆಗಾಗಿ ಯೋಗ, ನಡಿಗೆ, ಮಿತಾಹಾರಗಳನ್ನು ನಾವು ಬೋಧಿಸುತ್ತಲೇ ಇದ್ದೇವೆ. ಮಕ್ಕಳ ಕಾಯಕ್ಕೆ ಬೇಕಾದುದು ಇವೆಲ್ಲಕ್ಕಿಂತ ಸರಳವಾದ ಆಟ. ಆಡಲು ಅಂಗಳವೇ ಇಲ್ಲದ ಓಣಿಯಲ್ಲಿ ಮಗುವಿಗೆ ಆರೋಗ್ಯದ ಪಾಠ ಹೇಳುವುದು, ನೀರಿಲ್ಲದ ಊರಿನಲ್ಲಿ ಸ್ನಾನದ ಮಹಿಮೆಯನ್ನು ಕೊಂಡಾಡಿದಂತೆ.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಚಟುವಟಿಕೆಯಿಂದಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 3-4 ವರ್ಷದ ಪುಟಾಣಿಗಳಿಗೆ ದಿನವಿಡೀ ಸೇರಿ 180 ನಿಮಿಷಗಳ ಓಡಾಟ ಬೇಕು. ಜಿಗಿತ, ಓಟಗಳಿಂದ ಮೂಳೆ ಗಟ್ಟಿಯಾಗುತ್ತದೆ. ಹೊರಗಿನ ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಕಡಿಮೆ. ಕುಂಟೆಬಿಲ್ಲೆ, ಲಗೋರಿಗಳಲ್ಲಿ ಸೋತು ಗೆದ್ದು ಕಲಿತ ಸಹನೆಯನ್ನು ಯಾವ ಮೊಬೈಲೂ ಕಲಿಸಲಾರದು.

ನಮ್ಮ ಪಟ್ಟಣಗಳಲ್ಲಿ ಉದ್ಯಾನಗಳು ಇಲ್ಲವೆಂದಲ್ಲ. ಆದರೆ ಹಲವೆಡೆ ಹುಲ್ಲು ತುಳಿಯಬಾರದೆಂಬ ಫಲಕವಿದೆ, ಹೊತ್ತಲ್ಲದ ಹೊತ್ತಿನಲ್ಲಿ ಬೀಗವಿದೆ. ನೆರಳಿಲ್ಲದೆಡೆ ನಿಲ್ಲಿಸಿದ ತಗಡಿನ ಜಾರುಬಂಡೆ ಬೇಸಗೆಯಲ್ಲಿ ಕಾವಲಿಯಂತೆ ಸುಡುತ್ತದೆ. ಇದ್ದ ಬಯಲನ್ನು ದೊಡ್ಡ ಹುಡುಗರ ಕ್ರಿಕೆಟ್ ಆವರಿಸಿಕೊಂಡರೆ ಹೆಣ್ಣುಮಕ್ಕಳು ಅಂಚಿನಲ್ಲಿ ನಿಂತು ನೋಡುತ್ತಾರೆ. ಇದಕ್ಕೆ ಹಣದ ಕೊರತೆಯೊಂದೇ ಕಾರಣವಲ್ಲ. ಕಟ್ಟುವ ಮುನ್ನ ಯಾರೂ ಮಕ್ಕಳನ್ನು ಕೇಳಲಿಲ್ಲ.

ಕೇಳಿ ಕಟ್ಟಿದವರೂ ಇದ್ದಾರೆ. ಅಮೆರಿಕದಲ್ಲಿ 1996ರಲ್ಲಿ ಆರಂಭವಾದ ಕಬೂಮ್ ಎಂಬ ಸೇವಾಸಂಸ್ಥೆ, ಮೊದಲು ಓಣಿಯ ಮಕ್ಕಳಿಂದ ಅವರ ಕನಸಿನ ಆಟದಂಗಳದ ಚಿತ್ರ ಬರೆಯಿಸುತ್ತದೆ. ಬಳಿಕ ನೆರೆಹೊರೆಯವರೂ ಸ್ವಯಂಸೇವಕರೂ ಕೂಡಿ ಅದನ್ನು ಕಟ್ಟುತ್ತಾರೆ. ನಮ್ಮ ಬೆಂಗಳೂರಿನ ಆ್ಯಂಟ್‌ಹಿಲ್ ಕ್ರಿಯೇಷನ್ಸ್ ಸಂಸ್ಥೆಯು ಹಳೆಯ ಟೈರುಗಳಿಗೆ ಬಣ್ಣ ಬಳಿದು, ಮಕ್ಕಳೊಡನೆ ಸಮಾಲೋಚಿಸಿ, ಸ್ವಯಂಸೇವಕರ ಶ್ರಮದಿಂದ ಆಟದ ತಾಣಗಳನ್ನು ರೂಪಿಸುತ್ತಿದೆ.

‘ಮಕ್ಕಳಿಗೇನು ತಿಳಿಯುತ್ತದೆ?’ ಎಂಬ ಆಕ್ಷೇಪ ಬರಬಹುದು. ಮಾತಿನ ಹಕ್ಕಿಲ್ಲವೆಂದು ಲೋಕ ದೂರವಿಟ್ಟವರನ್ನು ಕರೆದು ಕೂರಿಸಿ ಕೇಳಿದ ಅನುಭವ ಮಂಟಪದ ವಾರಸುದಾರರು ಈ ಮಾತನ್ನು ಆಡಬಾರದೆಂಬುದು ನಮ್ಮ ವಿನಮ್ರ ಅಭಿಪ್ರಾಯ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಆಟವನ್ನೂ, 12ನೆಯ ವಿಧಿ ತಮಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವುದನ್ನೂ ಮಕ್ಕಳ ಹಕ್ಕೆಂದು ಒಪ್ಪಿವೆ. 1992ರಲ್ಲಿ ಭಾರತವೂ ಅದಕ್ಕೆ ಸಮ್ಮತಿಸಿದೆ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆಯ ಪದ್ಧತಿಯೇ ಇದೆ. ಆಟದಂಗಳದ ಬೇಡಿಕೆಯನ್ನು ಚಿತ್ರಸಮೇತ ಅಲ್ಲಿ ಮಂಡಿಸಬಹುದು.

ಕೇಳುವುದಕ್ಕೂ ಒಂದು ಕ್ರಮವಿದೆ. ಮಕ್ಕಳನ್ನು ಜಾಗಕ್ಕೇ ಕರೆದೊಯ್ಯಬೇಕು. ಪುಟ್ಟವರನ್ನು, ಹೆಣ್ಣುಮಕ್ಕಳನ್ನು ಬೇರೆಬೇರೆಯಾಗಿ ಕೂರಿಸಿ ಕೇಳಬೇಕು. ಇಲ್ಲದಿದ್ದರೆ ಗಟ್ಟಿದನಿಯವರ ಮಾತೇ ಎಲ್ಲರ ಮಾತಾಗುತ್ತದೆ. ಗಾಲಿಕುರ್ಚಿಯ ಮಗುವಿನ ಮಾತನ್ನು ಮರೆಯಲಾಗದು. ಮಾಡಲಾಗದ್ದನ್ನು ಆಗದೆಂದು ಕಾರಣಸಹಿತ ತಿಳಿಸಬೇಕು. ಕೇಳಿದಂತೆ ನಟಿಸಿ ಮೊದಲೇ ನಿರ್ಧರಿಸಿದ್ದನ್ನು ಕಟ್ಟುವುದಕ್ಕಿಂತ ಕೇಳದಿರುವುದೇ ಲೇಸು.

ಮಕ್ಕಳು ಆಸೆಯನ್ನು ಹೇಳಿದರೆ ಅಪಾಯವನ್ನು ಅರಿಯುವುದು ಹಿರಿಯರ ಹೊಣೆ. ಜೋಕಾಲಿಯ ಕೆಳಗೆ ಸಿಮೆಂಟು ಬೇಡ, ಒಂದು ಅಡಿಯಷ್ಟು ಸಡಿಲ ಮರಳಿರಲಿ. ಟೈರುಗಳ ತಳಕ್ಕೆ ರಂಧ್ರ ಕೊರೆಯದಿದ್ದರೆ ಮಳೆನೀರು ನಿಂತು ಡೆಂಗಿ ಸೊಳ್ಳೆಗೆ ತೊಟ್ಟಿಲಾಗುತ್ತದೆ. ಹೊಂಗೆ, ಬೇವುಗಳ ನೆರಳು ಬೇಕು. ವಿಷವುಳ್ಳ ಕಣಗಿಲೆ ಅಲ್ಲಿ ಬೇಡ. ಕುಡಿಯುವ ನೀರು, ಶೌಚಾಲಯಗಳಿಲ್ಲದ ಅಂಗಳಕ್ಕೆ ಹೆಣ್ಣುಮಕ್ಕಳು ಹೆಚ್ಚು ಹೊತ್ತು ಬರಲಾರರು.

ಬಡಗಿ, ಗಾರೆಯವರು, ವೆಲ್ಡಿಂಗ್ ಬಲ್ಲವರು ವಾರಕ್ಕೊಂದು ದಿನದ ಶ್ರಮವನ್ನು ನೀಡಿದರೆ ಅದು ದಾಸೋಹವೇ. ಆದರೆ ಉದ್ಘಾಟನೆಯ ಛಾಯಾಚಿತ್ರದೊಂದಿಗೆ ಮುಗಿಯುವುದು ಕಾಯಕವಲ್ಲ. ಸಡಿಲಗೊಂಡ ಬೋಲ್ಟನ್ನು ತಿಂಗಳಿಗೊಮ್ಮೆ ಬಿಗಿಯುವ ಕೈ, ಮುರಿದ ಹಲಗೆಯನ್ನು ಅಂದೇ ತೆಗೆಯುವ ಕೈ ಯಾವುದೆಂಬುದು ಕಟ್ಟುವ ಮುನ್ನವೇ ನಿರ್ಧಾರವಾಗಬೇಕು.

ಕೊನೆಯದಾಗಿ, ನಮ್ಮ ಮಠಗಳಿಗೂ ಅವು ನಡೆಸುವ ವಿದ್ಯಾಸಂಸ್ಥೆಗಳಿಗೂ ಒಂದು ಬಿನ್ನಹ. ನಮ್ಮ ಶಾಲೆಗಳಿಗೆ ವಿಶಾಲವಾದ ಆವರಣಗಳಿವೆ. ಸಂಜೆಯ ಗಂಟೆ ಬಾರಿಸಿದೊಡನೆ ಅವುಗಳ ಗೇಟು ಮುಚ್ಚುತ್ತದೆ. ಹೊರಗಿನ ಓಣಿಯ ಮಗು, ನಮ್ಮ ಶಾಲೆಯ ಮಗುವಲ್ಲದಿದ್ದರೂ, ನಮ್ಮ ಮಗುವೇ. ಮೇಲ್ವಿಚಾರಣೆಗೆ ಸರದಿಯಂತೆ ಇಬ್ಬರು ಸದ್ಭಕ್ತರು ನಿಂತರೆ ಸಂಜೆ ಎರಡು ತಾಸು ಆ ಗೇಟನ್ನು ತೆರೆದಿಡಬಹುದು. ಅನ್ನದಾಸೋಹ, ಜ್ಞಾನದಾಸೋಹಗಳಿಗೆ ಹೆಸರಾದ ಮಠಗಳಿಗೆ ಅಂಗಳದ ದಾಸೋಹ ಭಾರವಾಗಲಾರದು.