ಉಸಿರು: 20

ಯಾವುದಾದರೂ ಆಸ್ಪತ್ರೆಯ ಜನರಲ್ ವಾರ್ಡಿಗೆ ಹೋಗಿ ನಾಲ್ಕು ಚಾರ್ಟ್ ತೆಗೆದು ನೋಡಿ. ಜ್ವರ ಏರಿಳಿದಿರುತ್ತದೆ, ನಾಡಿ ಬದಲಾಗಿರುತ್ತದೆ, ಬಿಪಿ ಕೂಡ. ಉಸಿರಾಟದ ಕಾಲಂ ಮಾತ್ರ ಮೇಲಿಂದ ಕೆಳಗಿನವರೆಗೆ 20, 20, 20. ಬೆಳಿಗ್ಗೆ ಮನೆಗೆ ಹೊರಟ ಹುಡುಗನಿಗೂ ಇಪ್ಪತ್ತು, ಏದುಸಿರು ಬಿಡುತ್ತಿರುವ ತಾತನಿಗೂ ಇಪ್ಪತ್ತು. ಅದು ಎಣಿಸಿ ಬರೆದದ್ದಲ್ಲ ಸ್ವಾಮಿ, ಕಾಲಂ ಖಾಲಿ ಬಿಡಬಾರದು ಅಂತ ತುಂಬಿದ್ದು.

ನಾನೂ ತುಂಬಿದ್ದೇನೆ. ಅದಕ್ಕೇ ಈ ಮಾತು ಹೇಳುವ ಧೈರ್ಯ.

ಒಂದು ರಾತ್ರಿ ಪಾಳಿ. ಇಪ್ಪತ್ತನಾಲ್ಕು ರೋಗಿಗಳಿಗೆ ನಾನೊಬ್ಬಳೇ. ಕರುಳಿನ ಆಪರೇಶನ್ ಆಗಿ ಮೂರನೇ ದಿನದಲ್ಲಿದ್ದ ಹಿರಿಯರೊಬ್ಬರ ಚಾರ್ಟಿನಲ್ಲಿ ಹತ್ತು ಗಂಟೆಗೆ ಎಂದಿನಂತೆ 20 ಬರೆದೆ. ಹನ್ನೆರಡೂವರೆಗೆ ಅವರ ಹೆಂಡತಿ ಬಂದರು. "ಸಿಸ್ಟರ್, ಇವ್ರು ಯಾಕೋ ಸರಿಯಿಲ್ಲಮ್ಮ, ಏನ್ ಕೇಳಿದ್ರೂ ಏನೋ ಹೇಳ್ತಾರೆ." ಹೋಗಿ ಪೂರ್ತಿ ಒಂದು ನಿಮಿಷ ಎದೆ ನೋಡುತ್ತಾ ಎಣಿಸಿದೆ. 28. ಬಿಪಿ ಸರಿಯಾಗಿಯೇ ಇತ್ತು. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದೆ.

"ಹತ್ತು ಗಂಟೆಗೆ ಎಷ್ಟಿತ್ತು ಸಿಸ್ಟರ್?"

"ಇಪ್ಪತ್ತು ಸರ್."

"ಹಾಗಾದ್ರೆ ನೀವು ಈಗ ಸರಿಯಾಗಿ ಎಣಿಸಿಲ್ಲ. ಬಿಪಿ ಚೆನ್ನಾಗೇ ಇದೆಯಲ್ಲ. ಬೆಳಿಗ್ಗೆ ನೋಡೋಣ."

ನನ್ನ ಸುಳ್ಳು ಇಪ್ಪತ್ತು ನನ್ನದೇ ನಿಜದ ಇಪ್ಪತ್ತೆಂಟನ್ನು ಸೋಲಿಸಿತು. ಐದು ಗಂಟೆಗೆ ಬಿಪಿ ಕುಸಿಯಿತು, ಐಸಿಯುಗೆ ಓಡಿಸಿದೆವು. ಆ ಮನುಷ್ಯ ಬದುಕಿ ಮನೆಗೆ ಹೋದರು. ಅದು ಅವರ ಆಯಸ್ಸು ಗಟ್ಟಿ ಇದ್ದದ್ದು, ನಮ್ಮ ಹೆಚ್ಚುಗಾರಿಕೆ ಅಲ್ಲ. ಆಮೇಲೆ ಮೇಲಿನವರು ಫೈಲ್ ತರಿಸಿ ನೋಡಿದರು. ಎಲ್ಲ ಕಾಲಂ ತುಂಬಿತ್ತು. "ರೆಕಾರ್ಡ್ ಚೆನ್ನಾಗಿದೆ" ಅಂತ ಸಹಿ ಹಾಕಿದರು.

ಇಲ್ಲೇ ಇರೋದು ರೋಗ. ನರ್ಸಿನಿಂದ ನಾವು ಕೇಳುತ್ತಿರುವುದು ತುಂಬಿದ ಕಾಗದ, ನೋಡುವ ಕಣ್ಣಲ್ಲ. ರೋಗಿ ಕೆಡುತ್ತಿರುವಾಗ ಬಿಪಿ ಬೀಳುವುದು ಬಹುಮಟ್ಟಿಗೆ ಕೊನೆಗೆ; ಉಸಿರು ಅದಕ್ಕೂ ಎಷ್ಟೋ ಮೊದಲೇ ಏರುತ್ತದೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ತಂದ 'ನ್ಯೂಸ್' ಎಂಬ ಅಂಕಪಟ್ಟಿಯಲ್ಲಿ ಉಸಿರು ನಿಮಿಷಕ್ಕೆ 25 ಮುಟ್ಟಿದರೆ ಅದೊಂದಕ್ಕೇ 3 ಅಂಕ. ಒಂದೇ ಅಳತೆಯಲ್ಲಿ 3 ಬಂದರೂ ತುರ್ತಾಗಿ ನೋಡಬೇಕು ಅನ್ನುತ್ತದೆ ಆ ಪಟ್ಟಿ. ಇದಕ್ಕೆ ಯಾವ ಮಷೀನೂ ಬೇಡ. ಒಂದು ಗಡಿಯಾರ, ಒಂದು ನಿಮಿಷ ಸಾಕು.

ಆ ಒಂದು ನಿಮಿಷ ಎಲ್ಲಿಂದ ಬರಬೇಕು? ಇಪ್ಪತ್ತನಾಲ್ಕು ಜನಕ್ಕೆ ಒಂದೊಂದು ನಿಮಿಷ ಅಂದರೆ ಉಸಿರೊಂದಕ್ಕೇ ಇಪ್ಪತ್ತನಾಲ್ಕು ನಿಮಿಷ. ಇಂಜೆಕ್ಷನ್, ಡ್ರಿಪ್, ಬಿಲ್ಲಿಂಗ್ ಫೋನ್ ಎಲ್ಲ ಬೇರೆ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಲ್ಲಿ ಸಾಮಾನ್ಯ ಆಸ್ಪತ್ರೆಯ ವಾರ್ಡಿಗೆ ಐದು ರೋಗಿಗೆ ಒಬ್ಬ ನರ್ಸ್, ಬೋಧನಾ ಆಸ್ಪತ್ರೆಯಲ್ಲಿ ಮೂರಕ್ಕೆ ಒಬ್ಬ. ಓದಿ ನಗಬೇಕೋ ಅಳಬೇಕೋ! ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳ ಬಗ್ಗೆ ಲಿಂಡಾ ಐಕೆನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನರ್ಸ್ ಒಬ್ಬರಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಶಸ್ತ್ರಚಿಕಿತ್ಸೆಯಾದವರು ತಿಂಗಳೊಳಗೆ ಸಾಯುವ ಸಂಭವ ಸುಮಾರು ಶೇ. 7ರಷ್ಟು ಏರಿದ್ದು ಕಂಡಿತ್ತು. ಅಲ್ಲಿ ಹೋಲಿಸಿದ್ದು ನಾಲ್ಕು, ಆರು, ಎಂಟು ರೋಗಿಗಳ ಲೆಕ್ಕ. ನಮ್ಮ ಇಪ್ಪತ್ತನಾಲ್ಕು ಆ ಲೆಕ್ಕದಲ್ಲೇ ಇಲ್ಲ.

"ನರ್ಸುಗಳು ಡಾಕ್ಟರಾಗೋಕೆ ಹೋಗಬಾರದು" ಅನ್ನುವವರಿದ್ದಾರೆ. ಒಪ್ಪಿದೆ. ನಾನು ಕೇಳುತ್ತಿರುವುದು ರೋಗಕ್ಕೆ ಹೆಸರಿಡುವ ಅಧಿಕಾರವನ್ನಲ್ಲ. "ಈ ಮನುಷ್ಯ ಸಂಜೆ ಇದ್ದ ಹಾಗೆ ಈಗಿಲ್ಲ" ಅಂತ ಹೇಳುವ ಹಕ್ಕು, ಹೇಳಿದಾಗ ಯಾರಾದರೂ ಎದ್ದು ಬರುವ ಕಟ್ಟಳೆ. ಡಾಕ್ಟರು ರೌಂಡ್ಸಿನಲ್ಲಿ ರೋಗಿಯ ಹತ್ತಿರ ಇರುವುದು ಕೆಲವು ನಿಮಿಷ, ನಾವು ಪಾಳಿ ಪೂರ್ತಿ. ಯಾರು ಹೆಚ್ಚು ನೋಡುತ್ತಾರೋ ಅವರ ಮಾತಿಗೆ ಬೆಲೆ ಇಲ್ಲ ಅಂದರೆ ನೋಡುವುದಾದರೂ ಯಾಕೆ? ಹಾಗೆ ಅನ್ನಿಸಿದ ದಿನವೇ ಕೈ ತಾನಾಗಿ 20 ಬರೆಯಲು ಶುರುಮಾಡುತ್ತದೆ.

ಮಾಡಬೇಕಾದ್ದು ದೊಡ್ಡದೇನಲ್ಲ. ನರ್ಸ್ ಕರೆದರೆ ಇಷ್ಟು ನಿಮಿಷದೊಳಗೆ ಡಾಕ್ಟರ್ ಬರಬೇಕು, ಬರದಿದ್ದರೆ ಅವರ ಮೇಲಿನವರಿಗೆ ಫೋನ್ ಮಾಡಬಹುದು ಅಂತ ಬರಹದಲ್ಲಿರಲಿ. ಇವತ್ತು ಈ ಪಾಳಿಯಲ್ಲಿ ಎಷ್ಟು ರೋಗಿಗೆ ಎಷ್ಟು ನರ್ಸ್ ಅನ್ನುವುದನ್ನು ವಾರ್ಡಿನ ಬಾಗಿಲಲ್ಲಿ ಬರೆದು ಹಾಕಲಿ, ಜನ ಓದಲಿ. ಮತ್ತು ನನ್ನ ತಂಗಿಯರೇ, ನಿಮಗೂ ಒಂದು ಮಾತು: ಎಣಿಸಲು ಆಗದಿದ್ದರೆ ಕಾಲಂ ಖಾಲಿ ಬಿಡಿ. ಬೈಸಿಕೊಳ್ಳಿ, ಪರವಾಗಿಲ್ಲ. ಖಾಲಿ ಕಾಲಂ ಒಬ್ಬ ನರ್ಸ್ ಕಡಿಮೆ ಇದ್ದಾಳೆ ಅಂತ ಸಾಕ್ಷಿ ಹೇಳುತ್ತದೆ. ಇಪ್ಪತ್ತು ಬರೆದರೆ ಎಲ್ಲ ಸರಿಯಿದೆ ಅಂತ ನಾವೇ ಸಹಿ ಹಾಕಿದ ಹಾಗೆ.