ಹಾರ್ಡ್ ಡಿಸ್ಕಿನ ಕ್ಯಾಷ್ ದೊಡ್ಡದಾದರೆ ಕಂಪ್ಯೂಟರು ಚುರುಕಾಗುವುದೇ?



ಕಳೆದ ತಿಂಗಳು ನಮ್ಮ ಕೈಸೇರಿದ ಕಾಗದಗಳಲ್ಲಿ ಮಲೆನಾಡಿನ ಗೃಹಿಣಿಯೊಬ್ಬರು ಬರೆದುದು ನಮ್ಮ ಮನಸ್ಸನ್ನು ಬಹಳವಾಗಿ ಹಿಡಿಯಿತು. ಈ ಸೋದರಿಯು ಮನೆಯಲ್ಲಿಯೇ ಒಂದು ಕಂಪ್ಯೂಟರನ್ನಿಟ್ಟುಕೊಂಡು, ಲಗ್ನಪತ್ರಿಕೆ ಕರಾರುಪತ್ರ ಮೊದಲಾದುವನ್ನು ಅಕ್ಷರಜೋಡಣೆ ಮಾಡಿಕೊಟ್ಟು ಸಂಸಾರವನ್ನು ತೂಗಿಸುತ್ತಿರುವವರು. ಈಚೆಗೆ ಅವರ ಯಂತ್ರವು ಬಹು ಮಂದವಾಗಿದೆಯಂತೆ. ಬೆಳಿಗ್ಗೆ ಗುಂಡಿಯನ್ನೊತ್ತಿ, ಒಳಗೆ ಹೋಗಿ ಹಾಲು ಕಾಯಿಸಿ ಬಂದರೂ ಅದಿನ್ನೂ ಕಣ್ಣುಜ್ಜುತ್ತಲೇ ಇರುತ್ತದೆಯಂತೆ. ಅಂಗಡಿಯವರು ಪರೀಕ್ಷಿಸಿ, “ಅಮ್ಮಾ, ನಿಮ್ಮ ಹಾರ್ಡ್ ಡಿಸ್ಕಿನಲ್ಲಿ ಕ್ಯಾಷ್ 64 ಎಂಬಿ ಮಾತ್ರ ಇದೆ, 256 ಎಂಬಿ ಇರುವುದನ್ನು ಹಾಕಿಸಿಬಿಡಿ, ನಾಲ್ಕು ಪಾಲು ವೇಗವಾಗುತ್ತದೆ” ಎಂದು ಹೇಳಿದರಂತೆ. ಕೈಯಲ್ಲಿರುವ ಹಣವೋ ಮಗಳ ಕಾಲೇಜಿನ ಶುಲ್ಕಕ್ಕೆಂದು ತೆಗೆದಿಟ್ಟದ್ದು. “ಮೇಷ್ಟ್ರೇ, ಹಾಕಿಸಲೋ ಬೇಡವೋ, ಒಂದು ಮಾತು ತಿಳಿಸಿ” ಎಂದು ಕಾಗದವನ್ನು ಮುಗಿಸಿದ್ದಾರೆ.

ಸಂಸ್ಕೃತದ ಉಪಾಧ್ಯಾಯರಾಗಿ ಮೂರು ದಶಕಗಳನ್ನು ಕಳೆದ ನಮಗೆ ಇಂಥ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರವೆಲ್ಲಿಯದು ಎಂದು ಕೆಲವರು ಕೇಳಬಹುದು. ಹಿಂದೊಮ್ಮೆ ಇದೇ ಮಾತಿಗೆ ಮರುಳಾಗಿ ನಾವೂ ಹೆಚ್ಚು ಹಣವನ್ನು ತೆತ್ತವರು. ಅಷ್ಟರಮಟ್ಟಿನ ಅಧಿಕಾರವು ನಮಗುಂಟು.

ಕ್ಯಾಷ್ ಎಂಬ ಶಬ್ದವನ್ನು ಮೊದಲು ಕೇಳಿದಾಗ ರೊಕ್ಕದ ಮಾತೆಂದೇ ನಾವು ತಿಳಿದೆವು. ವಿಚಾರಿಸಲಾಗಿ, ಬಚ್ಚಿಡುವುದು ಎಂಬರ್ಥದ ಫ್ರೆಂಚ್ ಧಾತುವಿನಿಂದ ಹುಟ್ಟಿದ ಬೇರೆಯೇ ಶಬ್ದವೆಂದು ಗೊತ್ತಾಯಿತು. 1968ರಲ್ಲಿ ಐಬಿಎಂ ಸಂಸ್ಥೆಯವರು ತಮ್ಮ ಸಿಸ್ಟಂ 360ರ 85ನೆಯ ಮಾದರಿಯಲ್ಲಿ, ದೊಡ್ಡ ನೆನಪಿನ ಮುಂದೆ ಚಿಕ್ಕದೂ ಚುರುಕಾದುದೂ ಆದ ಇನ್ನೊಂದು ನೆನಪನ್ನು ಇರಿಸಿ ಅದಕ್ಕೆ ಈ ಹೆಸರನ್ನು ಕೊಟ್ಟರು. ಮತ್ತೆ ಬೇಕಾಗಬಹುದಾದುದನ್ನು ಕೈಗೆಟಕುವಲ್ಲಿ ಇಟ್ಟುಕೊಳ್ಳುವುದೇ ಇದರ ತತ್ತ್ವ. ಈ ತತ್ತ್ವವನ್ನು ಅರಿಯದ ಗೃಹಿಣಿಯು ನಮ್ಮ ನಾಡಿನಲ್ಲಿಲ್ಲ. ಒಲೆಯ ಬಳಿಯ ಒಗ್ಗರಣೆ ಡಬ್ಬಿಯು ಮತ್ತೇನು?

ಇನ್ನು ಹಾರ್ಡ್ ಡಿಸ್ಕೆಂಬುದರ ಸ್ವರೂಪ. ಇದರೊಳಗೆ ಕಾಂತದ ಲೇಪವುಳ್ಳ ನುಣುಪಾದ ತಟ್ಟೆಗಳು ಬುಗುರಿಯಂತೆ ತಿರುಗುತ್ತಿರುವುವು. ತಟ್ಟೆಯ ಮೇಲೆ ಒಂದು ತೋಳು ಒಳಕ್ಕೂ ಹೊರಕ್ಕೂ ಆಡುತ್ತ, ಬೇಕಾದ ಜಾಡಿನ ಮೇಲೆ ನಿಂತು, ಅಲ್ಲಿರುವುದನ್ನು ಓದುವುದು ಅಥವಾ ಬರೆಯುವುದು. 1956ರಲ್ಲಿ ಅದೇ ಐಬಿಎಂನವರು ಹೊರತಂದ ಮೊದಲನೆಯದರಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದುವು; ಅಷ್ಟೆಲ್ಲ ಸೇರಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳನ್ನು. ಈಗಿನದು ಅಂಗೈಯಗಲದ್ದು, ಹಿಡಿಯುವುದು ಲಕ್ಷಪಾಲಿಗಿಂತ ಹೆಚ್ಚು. ಆದರೆ ತಿರುಗುವ ತಟ್ಟೆ, ಆಡುವ ತೋಳು ಎಂಬ ಎರಡು ಮಾತ್ರ ಅಂದಿನಿಂದ ಇಂದಿನವರೆಗೂ ತಪ್ಪಿಲ್ಲ. ನಿಮ್ಮನ್ನು ಕಾಯಿಸುವ ದೋಷವಿರುವುದೂ ಅಲ್ಲಿಯೇ.

ಲೆಕ್ಕವನ್ನು ನೋಡೋಣ. ಸಾಮಾನ್ಯವಾದ ಮೇಜಿನ ಕಂಪ್ಯೂಟರಿನ ತಟ್ಟೆಯು ನಿಮಿಷಕ್ಕೆ 7200 ಸುತ್ತು ತಿರುಗುವುದು. ಎಂದರೆ ಸೆಕೆಂಡಿಗೆ 120. ಬೇಕಾದ ಜಾಗವು ತೋಳಿನಡಿಗೆ ಬರುವುದಕ್ಕೆ ಸರಾಸರಿ ಅರ್ಧ ಸುತ್ತು ಕಾಯಬೇಕಷ್ಟೆ. ಅದಕ್ಕೆ ಸೆಕೆಂಡಿನ ಸಾವಿರ ಪಾಲಿನಲ್ಲಿ 4 ಪಾಲಿಗಿಂತ ತುಸು ಹೆಚ್ಚು ಕಾಲ. ತೋಳು ಜಾಡಿನಿಂದ ಜಾಡಿಗೆ ಸರಿಯುವುದಕ್ಕೆ ಇನ್ನೂ 8 ಅಥವಾ 9 ಪಾಲು. ಹೀಗೆ ಚದರಿಹೋದ ಚೂರುಗಳನ್ನು ಹುಡುಕಿ ತರುವುದಾದರೆ ಸೆಕೆಂಡಿಗೆ ಸುಮಾರು 80 ಚೂರುಗಳನ್ನು ಮಾತ್ರ ತರಲಾದೀತು. ಬೆಳಿಗ್ಗೆ ಯಂತ್ರವೇಳುವಾಗ ಇಂಥ ಚೂರುಗಳು ಸಾವಿರಗಟ್ಟಲೆ ಬೇಕಾಗುವುವು. ಆ ಸೋದರಿಯ ಹಾಲು ಕಾಯುವಷ್ಟು ಹೊತ್ತು ಎಲ್ಲಿಂದ ಬಂದಿತೆಂಬುದು ಇದರಿಂದ ತಿಳಿಯದೆ?

ಈ ನಿಧಾನವನ್ನು ಕ್ಯಾಷ್ ತಪ್ಪಿಸಲಾರದೇ ಎಂಬುದು ಪೂರ್ವಪಕ್ಷ. ಮನೆಯ ದೃಷ್ಟಾಂತವನ್ನೇ ಹಿಡಿಯೋಣ. ಡಿಸ್ಕು ಹಿತ್ತಲ ಕಡೆಯ ಉಗ್ರಾಣ. ಕಂಪ್ಯೂಟರಿನೊಳಗೆ ರ‍್ಯಾಮ್ ಎಂಬ ನೆನಪೊಂದುಂಟಷ್ಟೆ, ಅದು ಅಡಿಗೆಮನೆಯ ಗೂಡು. ಡಿಸ್ಕಿಗೇ ಅಂಟಿಕೊಂಡಿರುವ ಕ್ಯಾಷ್ ಎಂಬುದು ಉಗ್ರಾಣದ ಬಾಗಿಲಲ್ಲಿಟ್ಟ ಒಂದು ಮೊರ. ಒಳಗಿನಿಂದ ತೆಗೆದುದನ್ನು ಮೊರದಲ್ಲಿ ಹಾಕುವರು, ಅಲ್ಲಿಂದ ಅಡಿಗೆಮನೆಗೆ ಒಯ್ಯುವರು. ಈಗ ಯೋಚಿಸಿ: ಒಮ್ಮೆ ತಂದ ಬೇಳೆಯು ಅಡಿಗೆಮನೆಯ ಗೂಡಿನಲ್ಲಿಯೇ ಉಳಿದಿರುವಾಗ, ಮತ್ತೆ ಬೇಳೆ ಬೇಕಾದರೆ ಯಾರಾದರೂ ಉಗ್ರಾಣದ ಬಾಗಿಲವರೆಗೆ ಹೋಗುವರೇ?

ಕಂಪ್ಯೂಟರಿನಲ್ಲಿಯೂ ಹೀಗೆಯೇ. ವಿಂಡೋಸ್ ಆಗಲಿ ಲಿನಕ್ಸ್ ಆಗಲಿ, ಇವೆಲ್ಲವೂ ರ‍್ಯಾಮಿನಲ್ಲಿ ಬಿಡುವಾಗಿರುವ ಜಾಗದಲ್ಲಿ ಡಿಸ್ಕಿನಿಂದ ಈಚೆಗೆ ತಂದುದನ್ನೆಲ್ಲ ತಾವಾಗಿಯೇ ಇಟ್ಟುಕೊಂಡಿರುವುವು. 8 ಜಿಬಿ ರ‍್ಯಾಮುಳ್ಳ ಯಂತ್ರದಲ್ಲಿ ಅರ್ಧವು ಬಿಡುವಾಗಿದ್ದರೂ 4096 ಎಂಬಿಯಾಯಿತು; ಅಂಗಡಿಯವರು ಹೊಗಳಿದ ಮೊರದ ಹದಿನಾರು ಪಾಲು. ಮತ್ತೊಮ್ಮೆ ಬೇಕಾದ ಪದಾರ್ಥವು ಬಹುಮಟ್ಟಿಗೆ ಅಲ್ಲಿಯೇ ದೊರಕುವುದರಿಂದ ಡಿಸ್ಕಿನವರೆಗೂ ಹೋಗುವ ಬೇಡಿಕೆಯೆಲ್ಲ ಹೊಸ ಪದಾರ್ಥಕ್ಕೋಸ್ಕರವೇ. ಅದು ಮೊರದಲ್ಲಿರುವ ಸಂಭವವಾದರೂ ಎಷ್ಟು? 1 ಟಿಬಿ ಡಿಸ್ಕಿಗೆ 256 ಎಂಬಿಯೆಂದರೆ ಸಾವಿರದಲ್ಲಿ ಒಂದು ಪಾಲಿನ ಕಾಲುಭಾಗ.

ಮೊರವು ಸರ್ವಥಾ ನಿಷ್ಪ್ರಯೋಜಕವೆಂದು ನಾವು ಹೇಳುವುದಿಲ್ಲ. ತೋಳು ಒಂದು ಜಾಡಿಗೆ ಬಂದ ಮೇಲೆ, ಕೇಳಿದ ಚೂರಿನ ಮುಂದಿನದನ್ನೂ ಕೇಳುವ ಮೊದಲೇ ಓದಿಟ್ಟುಕೊಳ್ಳುವುದು. ಉದ್ದವಾದ ಚಿತ್ರವನ್ನೋ ಹಾಡನ್ನೋ ಓದುವಾಗ ಇದು ಬಹು ಉಪಕಾರಿ. ಆದರೆ ಒಂದು ಸುತ್ತಿನಲ್ಲಿ ಒಂದು ಜಾಡಿನಿಂದ ಬರತಕ್ಕದ್ದು ಒಂದೆರಡು ಎಂಬಿ ಮಾತ್ರ. ಅದಕ್ಕೆ ಚಿಕ್ಕ ಮೊರವೇ ಸಾಕು. ಬರೆಯುವಾಗಲೂ ಬಂದುದನ್ನೆಲ್ಲ ಮೊದಲು ಮೊರಕ್ಕೆ ಹಾಕಿಕೊಂಡು, ತೋಳಿನ ಓಡಾಟವು ಕಡಿಮೆಯಾಗುವ ಹಾಗೆ ಕ್ರಮಪಡಿಸಿ ತಟ್ಟೆಗೆ ಇಳಿಸುವುದು. ಹಲವರು ಏಕಕಾಲದಲ್ಲಿ ಕೇಳುವ ಕಛೇರಿಯ ಯಂತ್ರಗಳಲ್ಲಿ ಇದರಿಂದ ಲಾಭವುಂಟು. ಒಬ್ಬರು ಕುಳಿತು ಲಗ್ನಪತ್ರಿಕೆ ಮಾಡುವ ಮನೆಯಲ್ಲಿ ಏನುಂಟು? ದೊಡ್ಡ ಕಡತವೊಂದನ್ನು ಬರೆಯಹೋದರೆ 256 ಎಂಬಿಯ ಮೊರವು ಒಂದೆರಡು ಸೆಕೆಂಡುಗಳಲ್ಲಿ ತುಂಬಿಹೋಗುವುದು. ಆ ಮೇಲೆ ತಟ್ಟೆಯ ವೇಗವೇ ವೇಗ.

ಇದೆಲ್ಲಕ್ಕಿಂತ ಮುಖ್ಯವಾದ ಸಂಗತಿಯೊಂದನ್ನು ಅಂಗಡಿಯವರು ಮರೆತಂತಿದೆ. ವಿದ್ಯುತ್ತು ನಿಂತರೆ ಕ್ಯಾಷಿನಲ್ಲಿರುವುದೆಲ್ಲ ಅಳಿಸಿಹೋಗುವುದು. ರಾತ್ರಿ ಆರಿಸಿ ಬೆಳಿಗ್ಗೆ ಹಚ್ಚುವ ಯಂತ್ರದಲ್ಲಿ ಬೆಳಗಿನ ಹೊತ್ತು ಮೊರವು ಬರಿದೇ. ಬರಿದಾದ ಮೊರವು ಚಿಕ್ಕದಾದರೇನು, ದೊಡ್ಡದಾದರೇನು? ಆ ಸೋದರಿಯ ದೂರು ಇರುವುದು ಬೆಳಗಿನ ಕಾಯುವಿಕೆಯ ವಿಷಯದಲ್ಲಿಯೇ ಎಂಬುದನ್ನು ವಾಚಕರು ಗಮನಿಸಬೇಕು.

ತರ್ಕದಿಂದ ಮಾತ್ರ ತೃಪ್ತಿಪಡದೆ ಪ್ರತ್ಯಕ್ಷ ಪ್ರಮಾಣವನ್ನೂ ನೋಡೋಣವೆಂದು, ಯಂತ್ರಗಳನ್ನು ದುರಸ್ತಿ ಮಾಡುವ ನಮ್ಮ ತಂಗಿಯ ಮಗನ ಮನೆಗೆ ಹೋದೆವು. ಒಂದೇ ವೇಗದ, ಒಂದೇ ಗಾತ್ರದ ಎರಡು ಡಿಸ್ಕುಗಳನ್ನು ಅವನು ಒಂದೇ ಯಂತ್ರಕ್ಕೆ ಒಂದಾದ ಮೇಲೊಂದರಂತೆ ಜೋಡಿಸಿದನು. ಕ್ಯಾಷ್ ಮಾತ್ರ ಬೇರೆ ಬೇರೆ. ನಾವು ಶಾಲೆಯ ಓಟದ ಪಂದ್ಯಗಳಲ್ಲಿ ಹಿಡಿಯುತ್ತಿದ್ದ ಗಡಿಯಾರವನ್ನು ಹಿಡಿದು ಕುಳಿತೆವು. ಎರಡಕ್ಕೂ ಐದೈದು ಸಾರಿ ಹೀಗೆ ನಡೆಯಿತು. ಒಂದೇ ಡಿಸ್ಕಿನ ಐದು ಸರದಿಗಳೊಳಗೆ ಕಂಡುಬಂದ ಹೆಚ್ಚುಕಡಿಮೆಗಿಂತ ಎರಡು ಡಿಸ್ಕುಗಳ ನಡುವಣ ವ್ಯತ್ಯಾಸವು ಹೆಚ್ಚಾಗಿರಲಿಲ್ಲ. “ಮಾವಾ, ಕ್ಯಾಷಿಗಿಂತ ನಿಮ್ಮ ಹೆಬ್ಬೆರಳೇ ಹೆಚ್ಚು ವ್ಯತ್ಯಾಸ ಮಾಡುತ್ತಿದೆ” ಎಂದು ಅವನು ನಕ್ಕನು. ಹಿಂದೆ ನಾವು ತೆತ್ತ ಹೆಚ್ಚಿನ ಹಣವು ನೆನಪಿಗೆ ಬಂದು ನಮಗೆ ಅಷ್ಟಾಗಿ ನಗು ಬರಲಿಲ್ಲ.

ಹಾಗಾದರೆ ಈ ನಂಬಿಕೆಯು ಎಲ್ಲಿ ಹುಟ್ಟಿತು? ಇದಕ್ಕೂ ಒಂದು ಮೂಲವಿದೆ. 2001ರ ಕೊನೆಯಲ್ಲಿ ವೆಸ್ಟರ್ನ್ ಡಿಜಿಟಲ್ ಸಂಸ್ಥೆಯವರು, ಮಿಕ್ಕವುಗಳಲ್ಲಿ 2 ಎಂಬಿ ಕ್ಯಾಷ್ ಇರುತ್ತಿದ್ದ ಕಾಲದಲ್ಲಿ, 8 ಎಂಬಿಯುಳ್ಳ ಡಿಸ್ಕನ್ನು ಮನೆಬಳಕೆಗೆ ಮಾರತೊಡಗಿದರು. ಅದು ಚುರುಕಾಗಿಯೇ ಇತ್ತು, ಹೆಸರನ್ನೂ ಗಳಿಸಿತು. ಆದರೆ ಆಗ್ಗೆ ಮನೆಯ ಕಂಪ್ಯೂಟರುಗಳಲ್ಲಿ ರ‍್ಯಾಮ್ ಇರುತ್ತಿದ್ದುದೇ 128 ಅಥವಾ 256 ಎಂಬಿ. ಅಡಿಗೆಮನೆಯ ಗೂಡು ಚಿಕ್ಕದಾಗಿದ್ದಾಗ ಬಾಗಿಲ ಮೊರಕ್ಕೆ ಬೆಲೆಯಿತ್ತು. ಗೂಡು ಬೆಳೆಯಿತು, ಮೊರದ ಕೀರ್ತಿ ಮಾತ್ರ ಹಾಗೆಯೇ ಉಳಿಯಿತು.

ಈಗಂತೂ ದೊಡ್ಡ ಅಂಕಿಯು ಕೆಲವೆಡೆ ವಿಪರೀತಾರ್ಥವನ್ನೇ ಕೊಡುವುದುಂಟು. ಹೆಚ್ಚು ಸಾಮಗ್ರಿಯನ್ನು ಹಿಡಿಸುವುದಕ್ಕಾಗಿ ಕೆಲವು ಡಿಸ್ಕುಗಳಲ್ಲಿ ಜಾಡುಗಳನ್ನು ಮಂಗಳೂರು ಹೆಂಚಿನಂತೆ ಒಂದರ ಅಂಚಿನ ಮೇಲೊಂದು ಬರುವಂತೆ ಹೊದಿಸುವರು. ಒಂದು ಹೆಂಚನ್ನು ಬದಲಾಯಿಸಬೇಕಾದರೆ ಅದರ ಮೇಲಣ ಹೆಂಚುಗಳನ್ನೂ ಎತ್ತಿ ಮತ್ತೆ ಹೊದಿಸಬೇಕಷ್ಟೆ. ಹಾಗೆಯೇ ಇಲ್ಲಿ ಒಂದು ಜಾಡನ್ನು ತಿದ್ದಿದರೆ ನೆರೆಯ ಹಲವನ್ನು ಮತ್ತೆ ಬರೆಯಬೇಕಾಗುವುದು. ಈ ನಿಧಾನವನ್ನು ಮುಚ್ಚುವುದಕ್ಕೆ ಇವುಗಳಿಗೆ ದೊಡ್ಡ ಕ್ಯಾಷನ್ನು ಇರಿಸುವುದು ರೂಢಿ. 2020ರಲ್ಲಿ, ಪೆಟ್ಟಿಗೆಯ ಮೇಲೆ ಸೂಚಿಸದೆಯೇ ಇಂಥ ಡಿಸ್ಕುಗಳನ್ನು ಮಾರಿರುವುದು ಬಯಲಾಗಿ, ತಯಾರಕರು ಒಪ್ಪಿಕೊಳ್ಳಬೇಕಾಯಿತು. ಬರೆಯುವ ಕೆಲಸದಲ್ಲಿ 256 ಎಂಬಿಯ ಇಂಥದೊಂದು ಡಿಸ್ಕು 64 ಎಂಬಿಯ ಹಳೆಯದಕ್ಕಿಂತ ಹಿಂದೆ ಬೀಳಬಹುದು. ಬಚ್ಚಿಡುವುದೆಂಬ ಧಾತ್ವರ್ಥವು ಇಲ್ಲಿ ಚೆನ್ನಾಗಿ ಒಪ್ಪಿತೆಂದು ನಮ್ಮಂಥ ಹಳೆಯ ಪಂಡಿತರಿಗೆ ತೋರಿದರೆ ಕ್ಷಮಿಸಬೇಕು.

ಕ್ಯಾಷಿನ ವಿಷಯದಲ್ಲಿ ವೇಗಕ್ಕಿಂತ ಹೆಚ್ಚಾಗಿ ಯೋಚಿಸಬೇಕಾದುದು ಇನ್ನೊಂದುಂಟು. ಅದನ್ನು ನಾವು ನಷ್ಟಪಟ್ಟು ಕಲಿತೆವು. ಅಮರಕೋಶದ ಎರಡನೆಯ ಕಾಂಡದ ವನೌಷಧಿವರ್ಗಕ್ಕೆ, ನಮ್ಮ ಸೀಮೆಯ ಗಿಡಮರಗಳ ಹೆಸರುಗಳನ್ನು ಹೊಂದಿಸಿ ಟಿಪ್ಪಣಿಯೊಂದನ್ನು ಮೂರು ತಿಂಗಳು ಕುಳಿತು ಬರೆದಿದ್ದೆವು. ಒಂದು ಮಳೆಗಾಲದ ಸಾಯಂಕಾಲ ಅದನ್ನು ಹೊರಗಿನ ಡಿಸ್ಕಿಗೆ ಸಾಗಿಸಿ, ಪರದೆಯ ಮೇಲೆ ಕೆಲಸ ಮುಗಿಯಿತೆಂದು ಕಂಡೊಡನೆ ಮೂಲವನ್ನು ಅಳಿಸಿಬಿಟ್ಟೆವು. ಅಷ್ಟರಲ್ಲಿಯೇ ದೀಪವು ಹೋಯಿತು. ದೀಪ ಬಂದ ಮೇಲೆ ನೋಡಿದರೆ ಕಡತದ ಹೆಸರೇನೋ ಇದೆ, ಒಳಗೆ ಒಂದಕ್ಷರವೂ ಓದಲು ಬಾರದು. ಮುಗಿಯಿತೆಂದು ಪರದೆಯು ಹೇಳಿದಾಗ ಬರಹವು ತಟ್ಟೆಯನ್ನು ಮುಟ್ಟಿಯೇ ಇರಬೇಕೆಂಬ ನಿಯಮವಿಲ್ಲವೆಂಬುದು ಆಗ ತಿಳಿಯಿತು. ಒಂದಷ್ಟು ರ‍್ಯಾಮಿನಲ್ಲಿ, ಒಂದಷ್ಟು ಡಿಸ್ಕಿನ ಕ್ಯಾಷಿನಲ್ಲಿ ಇನ್ನೂ ದಾರಿಯಲ್ಲಿರಬಹುದು. ಆಗ ವಿದ್ಯುತ್ತು ಹೋದರೆ ದಾರಿಯಲ್ಲಿದ್ದುದೆಲ್ಲ ಹೋದಂತೆಯೇ. ಆ ಟಿಪ್ಪಣಿಯನ್ನು ಮತ್ತೆ ಬರೆದೆವು, ನಿಜ. ಮೊದಲಿನದರಲ್ಲಿ ನಮ್ಮ ತಾಯಿಯವರು ಹೇಳಿಕೊಟ್ಟ ಕೆಲವು ಗಿಡಗಳ ಹೆಸರುಗಳಿದ್ದುವು. ಅವರು ಈಗಿಲ್ಲ. ಎರಡನೆಯ ಸಾರಿ ಅವೆಲ್ಲವೂ ನೆನಪಿಗೆ ಬರಲಿಲ್ಲ.

ಆದುದರಿಂದ ಆ ಸೋದರಿಗೆ ಅಂಚೆಯಲ್ಲಿ ಹೀಗೆ ಬರೆದಿದ್ದೇವೆ. ಶುಲ್ಕದ ಹಣವನ್ನು ದೊಡ್ಡ ಕ್ಯಾಷಿಗಾಗಿ ಮುಟ್ಟಬೇಡಿ. ಯಂತ್ರವು ಮಂದವಾದಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರೆಂಬ ಕಿಟಕಿಯು ತೆರೆಯುವುದು. ಅದರಲ್ಲಿ ಮೆಮೊರಿಯ ಅಂಕಿಯು ನೂರರ ಸಮೀಪದಲ್ಲಿದ್ದರೆ ರ‍್ಯಾಮ್ ಸಾಲದು. ಅದನ್ನು ಹೆಚ್ಚಿಸಿಕೊಳ್ಳುವುದು ಮೊದಲ ಕೆಲಸ. ಮೆಮೊರಿಯಲ್ಲಿ ಬಿಡುವಿದ್ದೂ ಡಿಸ್ಕಿನ ಅಂಕಿಯು ನೂರರಲ್ಲಿಯೇ ನಿಂತಿದ್ದರೆ ತೋಳಿನ ಓಡಾಟವೇ ಕಾರಣ. ಅದಕ್ಕೆ ಔಷಧವು ತಟ್ಟೆಯೂ ತೋಳೂ ಇಲ್ಲದ ಎಸ್‌ಎಸ್‌ಡಿ. ಅದು ಚೂರೊಂದನ್ನು ತರುವುದಕ್ಕೆ ಸೆಕೆಂಡಿನ ಸಾವಿರ ಪಾಲಿನಲ್ಲಿ ಒಂದರ ಹತ್ತನೆಯ ಭಾಗದಷ್ಟು ಕಾಲವೇ ಸಾಕು. ಹಳೆಯದಕ್ಕಿಂತ ನೂರು ಪಾಲು ಮೇಲು. ದೊಡ್ಡದೇನೂ ಬೇಡ, ವಿಂಡೋಸ್ ಮತ್ತು ಅಕ್ಷರಜೋಡಣೆಯ ಸಾಧನಗಳು ಹಿಡಿಸುವಷ್ಟಿದ್ದರೆ ಸಾಕು. ಈಗಿರುವ 64 ಎಂಬಿ ಕ್ಯಾಷಿನ ಡಿಸ್ಕನ್ನು ಎಸೆಯದೆ, ಗಿರಾಕಿಗಳ ಕಡತಗಳ ಎರಡನೆಯ ಪ್ರತಿಯನ್ನು ಅದರಲ್ಲಿಡಿ. ಮಲೆನಾಡಿನ ಮಳೆಗಾಲವನ್ನು ಬಲ್ಲವರಿಗೆ ಯುಪಿಎಸ್ ಒಂದನ್ನು ಇಟ್ಟುಕೊಳ್ಳಿರೆಂದು ಹೇಳಬೇಕಾದುದಿಲ್ಲ. ಹೊರಗಿನ ಡಿಸ್ಕನ್ನು ಕೀಳುವ ಮೊದಲು ಅದನ್ನು ಬಿಡಿಸುವ ಆಜ್ಞೆಯನ್ನು ಕೊಟ್ಟು, ಪ್ರತಿಯನ್ನು ಒಮ್ಮೆ ತೆರೆದು ಓದಿ ನೋಡಿದಲ್ಲದೆ ಮೂಲವನ್ನು ಅಳಿಸಬೇಡಿ.

ಟಾಸ್ಕ್ ಮ್ಯಾನೇಜರಿನಲ್ಲಿ ಕಂಡ ಅಂಕಿಗಳನ್ನು ಬರೆದು ಕಳುಹಿಸುವಂತೆ ಅವರನ್ನು ಕೇಳಿಕೊಂಡಿದ್ದೇವೆ. ಮೊನ್ನೆ ಅವರ ಮಗಳಿಂದ ಒಂದು ಕಾರ್ಡು ಬಂದಿತು: ಮೆಮೊರಿ 94, ಡಿಸ್ಕು 100, ಒಳಗಿರುವ ರ‍್ಯಾಮ್ 4 ಜಿಬಿ. ರ‍್ಯಾಮನ್ನು ಮೊದಲು ಹಾಕಿಸಿ, ಹಾಲು ಕಾಯುವ ಹೊತ್ತಿಗೆ ಯಂತ್ರವೇಳುವುದೋ ಇಲ್ಲವೋ ನೋಡಿ, ಆ ಮೇಲೆ ಎಸ್‌ಎಸ್‌ಡಿಯ ಮಾತನ್ನು ಯೋಚಿಸೋಣವೆಂದು ಮರುಟಪಾಲಿನಲ್ಲಿ ತಿಳಿಸಿದ್ದೇವೆ.