ಗೇರ್‌ಬಾಕ್ಸ್ ಹೋಗಿದೆಯಂತೆ!

ಶಿಷ್ಯರೇ, ಬಂಧುಗಳೇ,

ನಿವೃತ್ತನಾದ ಮೇಲೆ ಯಾರೊಡನೆಯೂ ವಾದಕ್ಕಿಳಿಯಬಾರದೆಂದು ನಿಶ್ಚಯಿಸಿದ್ದೆ. ಆ ನಿಶ್ಚಯ ಕಳೆದ ಮಳೆಗಾಲದಲ್ಲಿ ಒಂದು ಗ್ಯಾರೇಜಿನ ಅಂಗಳದಲ್ಲಿ ಮುರಿದುಬಿತ್ತು. ಅದಕ್ಕಾಗಿ ನನಗೆ ಪಶ್ಚಾತ್ತಾಪವೂ ಇಲ್ಲ.

ನನ್ನ ಸೋದರಳಿಯನನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಒಂಬತ್ತನೆಯ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಕಿಟಕಿಯಾಚೆ ನೋಡುತ್ತಿದ್ದವನು. ಸಕಲೇಶಪುರದಾಚೆ ಅವನಿಗೆ ಸಣ್ಣದೊಂದು ಕಾಫಿ ತೋಟವಿದೆ. ಮನೆ ಮುಟ್ಟುವ ಕೊನೆಯ ಮೂರು ಮೈಲಿ ಕೆಮ್ಮಣ್ಣಿನ ಕಡಿದಾದ ಏರು. ಮಳೆಗಾಲದಲ್ಲಿ ಹಳ್ಳಕ್ಕೂ ದಾರಿಗೂ ಭೇದವಿರುವುದಿಲ್ಲ. ಅದಕ್ಕೆಂದೇ ನಾಲ್ಕೂ ಚಕ್ರಗಳಿಗೆ ಬಲ ಹೋಗುವ ಆಟೊಮ್ಯಾಟಿಕ್ ಗಾಡಿಯನ್ನು ಸಾಲ ಮಾಡಿ ಕೊಂಡಿದ್ದಾನೆ. ವಾರಕ್ಕೆರಡು ಬಾರಿ ನನ್ನ ಅಕ್ಕನನ್ನು ಡಯಾಲಿಸಿಸ್‌ಗೆಂದು ಹಾಸನಕ್ಕೆ ಕರೆದೊಯ್ಯುವುದೂ ಅದರಲ್ಲೇ. ಜುಲೈ ತಿಂಗಳಿನಲ್ಲಿ ಆ ಏರಿನ ನಡುವೆ ಎಚ್ಚರಿಕೆಯ ದೀಪ ಹೊತ್ತಿ, ಗಾಡಿ ಬಲಗುಂದಿ ನಿಲ್ಲತೊಡಗಿತು.

"ಮಾವ, ಗೇರ್‌ಬಾಕ್ಸ್ ಹೋಗಿದೆಯಂತೆ. ಪೂರ್ತಿ ಬದಲಿಸಬೇಕಂತೆ. ಮೂರೂವರೆ ಲಕ್ಷ ಹೇಳ್ತಿದ್ದಾರೆ."

"ಏನು ಪರೀಕ್ಷೆ ಮಾಡಿ ಹೇಳಿದರು?"

"ಕಂಪ್ಯೂಟರ್ ಹಾಕಿ ನೋಡಿದರು. ಪಿ 0218 ಅಂತ ಬಂತು."

ಆ ಸಂಕೇತದ ಅರ್ಥವೇನೆಂದು ವಿಚಾರಿಸಿದೆ. ಗೇರ್‌ಬಾಕ್ಸಿನ ಎಣ್ಣೆ ಮಿತಿಮೀರಿ ಕಾದಿದೆ ಎಂಬುದಷ್ಟೇ ಅದರ ಅರ್ಥ. ಏಕೆ ಕಾಯಿತು ಎಂಬುದನ್ನು ಅದು ಹೇಳುವುದೇ ಇಲ್ಲ. ಜ್ವರ ಬಂದವನ ಬಾಯಲ್ಲಿ ಥರ್ಮಾಮೀಟರ್ ಇಟ್ಟು, ನೂರಾಮೂರು ಇದೆ, ಆದ್ದರಿಂದ ಹೃದಯವನ್ನೇ ಬದಲಿಸೋಣ ಎಂದರೆ ನೀವು ಆ ವೈದ್ಯನನ್ನು ಏನೆಂದು ಕರೆಯುವಿರಿ?

ಎರಡು ಫ್ಯಾನುಗಳನ್ನು ಎದುರುಬದುರಾಗಿಟ್ಟು ಒಂದನ್ನು ಚಾಲೂ ಮಾಡಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಗಾಳಿಯ ಬದಲು ಎಣ್ಣೆಯನ್ನು ಊಹಿಸಿಕೊಳ್ಳಿ. ಅದೇ ಟಾರ್ಕ್ ಕನ್ವರ್ಟರ್. ಹರ್ಮನ್ ಫೋಟಿಂಗರ್ ಎಂಬ ಜರ್ಮನ್ ಎಂಜಿನಿಯರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಹಡಗುಗಳಿಗಾಗಿ. ಹಡಗಿಗೆ ಮೈ ತಂಪು ಮಾಡಿಕೊಳ್ಳಲು ಇಡೀ ಸಮುದ್ರವಿರುತ್ತದೆ. ನಮ್ಮ ಗಾಡಿಗಿರುವುದು ಮುಂಭಾಗದ ಒಂದು ಪುಟ್ಟ ಕೂಲರ್. ಮೊದಲನೆಯ ಚಕ್ರ ಜೋರಾಗಿಯೂ ಎರಡನೆಯದು ನಿಧಾನವಾಗಿಯೂ ತಿರುಗುವಾಗ ನಡುವೆ ಕಳೆದುಹೋಗುವ ಶಕ್ತಿಯೆಲ್ಲ ಎಣ್ಣೆಯಲ್ಲಿ ಶಾಖವಾಗುತ್ತದೆ. ಎಷ್ಟು ಶಾಖ? ಲೆಕ್ಕ ಹಾಕೋಣ, ಹಳೆಯ ಅಭ್ಯಾಸ. ಏರಿನಲ್ಲಿ ತೆವಳುವಾಗ ಎಂಜಿನ್ ಕೊಡುವ ಶಕ್ತಿ 30 ಕಿಲೋವಾಟ್, ಅದರಲ್ಲಿ ಅರ್ಧ ನಷ್ಟ ಎಂದುಕೊಳ್ಳಿ. ಎಂಟು ಲೀಟರ್ ಎಣ್ಣೆಯ ತೂಕ ಸುಮಾರು 7 ಕಿಲೋ. ಒಂದು ಕಿಲೋ ಎಣ್ಣೆಯನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು 2 ಕಿಲೋಜೂಲ್ ಬೇಕು. ಕವಚದ ಲೋಹ ಒಂದಿಷ್ಟು ಹೀರಿಕೊಳ್ಳುವುದನ್ನು ಬಿಟ್ಟರೆ, ತಂಪಾಗುವ ದಾರಿ ಮುಚ್ಚಿದಾಗ ಎಣ್ಣೆಯ ತಾಪ ಸೆಕೆಂಡಿಗೆ ಒಂದು ಡಿಗ್ರಿ ಏರುತ್ತದೆ! ಹೀಗಿರುವಾಗ ಮೊದಲು ನೋಡಬೇಕಾದದ್ದು ಗೇರ್‌ಬಾಕ್ಸನ್ನೋ, ತಂಪಾಗುವ ದಾರಿಯನ್ನೋ?

ಗ್ಯಾರೇಜಿನವರಿಗೆ ಇದನ್ನೇ ಕೇಳಿದೆ. ಎಣ್ಣೆಯ ಮಟ್ಟ ನೋಡಿದಿರಾ? "ಇದು ಸೀಲ್ಡ್ ಸಾರ್, ಲೈಫ್‌ಟೈಮ್ ಎಣ್ಣೆ, ಮುಟ್ಟುವ ಹಾಗಿಲ್ಲ." ಯಾರ ಲೈಫ್‌ಟೈಮ್? ಎಣ್ಣೆಯದೋ, ಗೇರ್‌ಬಾಕ್ಸಿನದೋ, ವಾರಂಟಿಯದೋ? ಅಳತೆಯ ಕಡ್ಡಿ ಇಲ್ಲದ ಮಾತ್ರಕ್ಕೆ ಅಳೆಯುವ ಮಾರ್ಗವೇ ಇಲ್ಲವೆಂದಲ್ಲ. ಗಾಡಿಯನ್ನು ಸಮತಟ್ಟಾಗಿ ನಿಲ್ಲಿಸಿ, ಎಂಜಿನ್ ಚಾಲೂ ಇರುವಂತೆಯೇ, ಎಣ್ಣೆ ಕೈಪಿಡಿಯಲ್ಲಿ ಹೇಳಿದ ತಾಪಕ್ಕೆ ಬಂದಾಗ ಪಕ್ಕದ ಬಿರಡೆ ಬಿಚ್ಚಿ ನೋಡಬೇಕು. ಎಣ್ಣೆ ಬಿಸಿಯಾದಂತೆ ಹಿಗ್ಗುವುದರಿಂದ ತಾಪ ಗೊತ್ತಿಲ್ಲದ ಮಟ್ಟಕ್ಕೆ ಅರ್ಥವಿಲ್ಲ. ಕಡಿಮೆಯಾದರೂ ಕಾಯುತ್ತದೆ, ಹೆಚ್ಚಾಗಿ ನೊರೆಯೆದ್ದರೂ ಕಾಯುತ್ತದೆ.

ಅಲ್ಲಿದ್ದ ಕೆಲಸದ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಬಿಚ್ಚಿ ಬದಲಿಸುವುದಕ್ಕೆ ಅವರ ದರಪಟ್ಟಿಯಲ್ಲಿ ಕೂಲಿಯಿತ್ತು. ಹುಡುಕಿ ನೋಡುವುದಕ್ಕೆ ಇರಲಿಲ್ಲ.

ಗಾಡಿಯನ್ನು ತೋಟಕ್ಕೆ ಎಳೆಸಿಕೊಂಡು ಬಂದೆವು. ಪೇಟೆಯಿಂದ, ದೂರದಿಂದಲೇ ತಾಪ ಓದುವ ಉಪಕರಣವನ್ನು ತರಿಸಿದೆ. (ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದುದಲ್ಲ; ಅದು ಮನುಷ್ಯರ ಜ್ವರದಾಚೆಗೆ ಹೋಗುವುದಿಲ್ಲ.) ಹೊಳೆಯುವ ಲೋಹದ ಮೇಲೆ ಅದು ಇರುವುದಕ್ಕಿಂತ ಕಡಿಮೆ ತೋರಿಸುವುದರಿಂದ, ಕೂಲರಿಗೆ ಹೋಗುವ ಕೊಳವೆಗೂ ಹಿಂದಿರುಗುವ ಕೊಳವೆಗೂ ಒಂದೊಂದು ಕಪ್ಪು ಬಣ್ಣದ ಚುಕ್ಕೆ ಇಟ್ಟೆವು. ಅಳಿಯ ಅದೇ ಏರನ್ನು ಸ್ವಲ್ಪ ದೂರ ಹತ್ತಿ ನಿಲ್ಲಿಸಿದ. ಹೋಗುವ ಕೊಳವೆ 118 ಡಿಗ್ರಿ, ಬರುವ ಕೊಳವೆ 112. ಬರುವುದು ತಣ್ಣಗೇ ಇದ್ದಿದ್ದರೆ ಎಣ್ಣೆ ಹರಿಯುತ್ತಿಲ್ಲ, ಒಳಗೆಲ್ಲೋ ಕಟ್ಟಿದೆ ಎನ್ನಬಹುದಿತ್ತು. ಇಲ್ಲಿ ಎಣ್ಣೆ ಹರಿಯುತ್ತಿದೆ, ಆದರೆ ಶಾಖ ಕಳೆದುಕೊಳ್ಳುತ್ತಿಲ್ಲ. ಹಾಗಾದರೆ ಗಾಳಿ ತಾಕುತ್ತಿಲ್ಲ.

ಬಂಪರ್ ಬಿಚ್ಚಿದೆವು. ನನ್ನ ಅಳಿಯ ಶೋಕಿಗೆಂದು ಹಾಕಿಸಿದ್ದ ಕಬ್ಬಿಣದ ಬಂಪರು, ವಿಂಚು, ಸಾಲು ದೀಪಗಳು ಕೂಲರಿನ ಮುಖವನ್ನು ಅರ್ಧ ಮರೆಮಾಡಿದ್ದವು. ಉಳಿದರ್ಧದಲ್ಲಿ ಕೆಸರು, ಹುಲ್ಲಿನ ಬೀಜ ಸೇರಿ ಮಣ್ಣಿನ ಗೋಡೆಯಂತೆ ಗಟ್ಟಿಯಾಗಿತ್ತು. ಇದರ ಮೇಲೆ ಅವನು ಫೋರ್-ಲೋ ಹಾಕದೆಯೇ ಏರು ಹತ್ತುತ್ತಿದ್ದ! ಕೆಳ ಗೇರುಗಳ ಸಾಲಿಗೆ ಬಂದರೆ ಕನ್ವರ್ಟರಿನ ಮೇಲಿನ ಭಾರ ಇಳಿದು, ಜಾರಾಟವೂ ಶಾಖವೂ ತಗ್ಗುತ್ತವೆ. ತಪ್ಪಿನಲ್ಲಿ ನಮ್ಮ ಮನೆಯ ಪಾಲೂ ಇತ್ತೆಂದು ಒಪ್ಪಿಕೊಳ್ಳದಿದ್ದರೆ ಈ ಜಗಳಕ್ಕೆ ಮರ್ಯಾದೆಯಿಲ್ಲ.

"ಆಟೊಮ್ಯಾಟಿಕ್ ಪೇಟೆಯವರಿಗೆ, ಮಲೆನಾಡಿಗಲ್ಲ" ಎಂದು ತಲೆಯಾಡಿಸಿದ ಅಕ್ಕಪಕ್ಕದ ತೋಟದ ಹಿರಿಯರಿಗೂ ಇದನ್ನೇ ಹೇಳಿದೆ. ಅದೂ ಅಳೆಯದೆ ಕೊಟ್ಟ ತೀರ್ಪೇ.

ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಹೊಡೆಯುತ್ತಿತ್ತು, ಹೊಸತು ಹಾಕಿಸಿದೆವು. ತಾಪ ಹತ್ತು ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಇಮ್ಮಡಿಯಾಗುತ್ತದೆಂಬ ಸ್ಥೂಲ ನಿಯಮ ನಿಮಗೆ ನೆನಪಿರಬಹುದು. ಒಳಗಿನ ಕ್ಲಚ್‌ಗಳ ಆಯುಷ್ಯವೂ ಒಂದಿಷ್ಟು ಸವೆದಿರಬೇಕು. ಗೇರ್‌ಬಾಕ್ಸ್ ಹೊಸದರಂತಿದೆ ಎಂದು ನಾನು ಹೇಳಲಾರೆ. ಆದರೆ ಅದು ಹೋಗಿರಲಿಲ್ಲ. ಇನ್ನು ಮುಂದೆ ದೀಪ ಹೊತ್ತಿದರೆ ಹ್ಯಾಂಡ್‌ಬ್ರೇಕ್ ಎಳೆದು ನ್ಯೂಟ್ರಲ್‌ಗೆ ಹಾಕು, ಎಂಜಿನ್ ಮಾತ್ರ ನಿಲ್ಲಿಸಬೇಡ, ಎಣ್ಣೆಯ ಪಂಪು ತಿರುಗುವುದೇ ಅದರಿಂದ ಎಂದು ಹೇಳಿದ್ದೇನೆ.

ಇಷ್ಟೆಲ್ಲ ಗುಡುಗಿದ ಮೇಲೆ ಒಂದು ಮಾತು. ಉಷ್ಣಕ್ಕೂ ತಾಪಕ್ಕೂ ಇರುವ ವ್ಯತ್ಯಾಸವನ್ನು ಎರಡು ಅಂಕಗಳಿಗಾಗಿ ನಿಮ್ಮೆಲ್ಲರಿಂದ ಬಾಯಿಪಾಠ ಮಾಡಿಸಿದವನು ನಾನೇ. ಶಾಲೆಯಲ್ಲಿ ಆರು ಥರ್ಮಾಮೀಟರುಗಳಿದ್ದವು. ಒಡೆದರೆ ಲೆಕ್ಕ ಕೊಡಬೇಕಲ್ಲ ಎಂದು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ; ಇನ್ಸ್‌ಪೆಕ್ಟರು ಬಂದ ದಿನ ಮಾತ್ರ ಮೇಜಿನ ಮೇಲೆ ಬರುತ್ತಿದ್ದವು. ಅಳಿಯನಿಗೆ ಆ ಪ್ರಶ್ನೆಗೆ ಎರಡಕ್ಕೆರಡೂ ಅಂಕ ಬಂದಿತ್ತು.

ನಿನ್ನೆ ಹಾಸನದಿಂದ ಹಿಂದಿರುಗುತ್ತ ಅದೇ ಏರಿನ ಮೇಲಿಂದ ಅವನು ಫೋನು ಮಾಡಿದ. "ಮಾವ, ಹೋಗೋದು 94, ಬರೋದು 71." ಹಿಂದಿನ ಸೀಟಿನಿಂದ ಅಕ್ಕ, ಮಳೆಯಲ್ಲಿ ಕೊಳವೆ ನೋಡುತ್ತ ನಿಲ್ಲಬೇಡ, ಮನೆಗೆ ನಡೆ ಎಂದು ಗದರುತ್ತಿದ್ದುದು ನನಗೂ ಕೇಳಿಸಿತು.